ತಲೆಯ ಮೇಲಿನ ಎರಡು ಅಂಕಿ

ಆ ದಿನ ಬೆಳಗಿನ ಜಾವ ಗಂಗಾವತಿಯ ಮೇಲೆ ಮಂಜು ಇಳಿದಿತ್ತು. ಕಾಲುವೆಯ ಕಡೆಯಿಂದ ಎದ್ದು, ಕೊಯ್ಲಾದ ಭತ್ತದ ಗದ್ದೆಗಳನ್ನು ದಾಟಿ, ಮಿಲ್ಲುಗಳ ಹೊಗೆಕೊಳವೆಗಳ ಸೊಂಟಕ್ಕೆ ಸುತ್ತಿಕೊಂಡು, ಊರಿನ ಓಣಿಗಳೊಳಗೆ ದಾರಿ ಕೇಳುವ ಪರಸ್ಥಳದವನ ಹಾಗೆ ಮೆಲ್ಲಗೆ ನಡೆಯುತ್ತಿತ್ತು. ಎದುರು ಮನೆಯ ಬಾಗಿಲು ಕಾಣುತ್ತಿರಲಿಲ್ಲ; ಆ ಮನೆಯ ಮುದುಕಮ್ಮನ ಕೆಮ್ಮು ಮಾತ್ರ ಕೇಳುತ್ತಿತ್ತು. ಶಿವನು ಲೋಕವನ್ನು ಅರ್ಧ ಅಳಿಸಿ, ಮತ್ತೆ ಬರೆಯಬೇಕೋ ಬೇಡವೋ ಎಂದು ಯೋಚಿಸುತ್ತ ಕುಳಿತಂಥ ಬೆಳಗು.

ಅಂಥ ಬೆಳಗಿನಲ್ಲಿ ಕಾಶಿನಾಥನೂ ಒಂದು ಅಳಿಸುವ ಕೆಲಸದಲ್ಲಿ ತೊಡಗಿದ್ದ. ಅಂಗಳದ ನಳದ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಬಣ್ಣ ಕರಗಿಸುವ ಥಿನ್ನರಿನಲ್ಲಿ ಅದ್ದಿದ ಅರಿವೆಯಿಂದ ತನ್ನ ಬುತ್ತಿ ಡಬ್ಬಿಯ ಮುಚ್ಚಳ ತಿಕ್ಕುತ್ತಿದ್ದ. ಮುಚ್ಚಳದ ಮೇಲೆ ಎರಡು ಗುರುತುಗಳಿದ್ದವು. ಒಂದು, ಮೊಳೆಯಿಂದ ಕೊರೆದ ಹನ್ನೆರಡು ಎಂಬ ಅಂಕಿ. ಇನ್ನೊಂದು, ಆ ಅಂಕಿಯ ತಲೆಯ ಮೇಲೆ ಅವನ ಹೆಂಡತಿ ಸುಕನ್ಯಾ ಉಗುರಿನ ಬಣ್ಣದಿಂದ ಇಟ್ಟಿದ್ದ ಕೆಂಪು ಬೊಟ್ಟು. ಅಂಕಿಯ ಬಗ್ಗೆ ಅವನಿಗೆ ತಕರಾರಿರಲಿಲ್ಲ. ಬೊಟ್ಟು ಮಾತ್ರ ಕಣ್ಣಿಗೆ ಚುಚ್ಚುತ್ತಿತ್ತು.

ಕಾಶಿನಾಥ ಚೊಕ್ಕಟತನದ ಮನುಷ್ಯ. ಹಣೆಯ ವಿಭೂತಿಯ ಮೂರು ಗೆರೆ ಒಂದಕ್ಕೊಂದು ತಾಗದಂತೆ ಎಳೆದುಕೊಳ್ಳುವವನು. ಗ್ಯಾಸ್ ಬಂದ ದಿನಕ್ಕೆ ಹೆಂಡತಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ರಬ್ಬರು ಹುಡುಕುವವನು. ಬೇಕಾದದ್ದಕ್ಕಿಂತ ಒಂದು ಚುಕ್ಕೆ ಹೆಚ್ಚಾದರೂ ಅವನ ಪಾಲಿಗೆ ಅದು ಕಸ.

"ರೀ, ಅದು ಹೊಲಸಲ್ರೀ, ಗುರುತು," ಎಂದಳು ಸುಕನ್ಯಾ ಅಡುಗೆ ಮನೆಯಿಂದಲೇ. "ಡಬ್ಬಿ ಒಯ್ಯೋ ಉಮರಸಾಬಣ್ಣ ಹೇಳಿ ಹಚ್ಚಿಸ್ಯಾನ."

"ಹನ್ನೆರಡು ಅಂತ ಐತಲ್ಲ, ಅಷ್ಟ ಸಾಲೂದಿಲ್ಲೇನು? ಮನಿ ನಂಬರ್ ಇದ್ದ ಮ್ಯಾಲ ಬಾಗಲಕ್ಕ ಬೊಟ್ಟು ಯಾತಕ್ಕ?"

"ಯಾತಕ್ಕ ಅನ್ನೂದು ಅವಂಗ ಗೊತ್ತಿರತೈತಿ. ನಾವು ಬುತ್ತಿ ಕಟ್ಟವ್ರು, ಅವ ಹೊರಾಂವ."

ಮಂಜಿನೊಳಗಿಂದ ಮುದುಕಮ್ಮನ ದನಿ ಬಂತು. ಆಕೆಗೆ ಕಣ್ಣು ಕಾಣದಿದ್ದರೂ ಓಣಿಯಲ್ಲಿ ನಡೆಯುವುದೆಲ್ಲ ಕಾಣುತ್ತಿತ್ತು. "ಕಾಶಿನಾಥಾ, ಮುಂಜಾನೆದ್ದು ಬೊಟ್ಟ ಅಳಸಬ್ಯಾಡೋ ಎಪ್ಪಾ. ಡಬ್ಬಿ ಆದ್ರೂ ಮುತ್ತೈದಿ ಇರ್ಲಿ."

ಕಾಶಿನಾಥ ನಕ್ಕ. ಇನ್ನೆರಡು ಸಲ ತಿಕ್ಕಿದ. ಮುಚ್ಚಳ ಆಗ ತಾನೇ ಅಂಗಡಿಯಿಂದ ತಂದ ಹಾಗೆ ಹೊಳೆಯಿತು. ಅದರೊಳಗೆ ಸುಕನ್ಯಾ ಎರಡು ಕಟಕ ರೊಟ್ಟಿ, ಎಣ್ಣೆ ಕಾಣದ ಹಾಗಲಕಾಯಿ ಪಲ್ಯ ಇಟ್ಟು ಮುಚ್ಚಿದಳು. ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿದೆ ಎಂದು ಡಾಕ್ಟರು ಹೇಳಿ ತಿಂಗಳಾಗಿತ್ತು. ತಿಂಗಳಿಂದ ಆ ಡಬ್ಬಿಯೊಳಗೆ ಬೇರೆ ಏನೂ ಇಣುಕಿರಲಿಲ್ಲ.

ಮಿಲ್ಲಿನ ರಸ್ತೆಯಲ್ಲಿ ಬೀಜದ ಅಂಗಡಿಯೊಂದರ ಮೇಲೆ ಎರಡು ಕೋಣೆ. ಅದೇ ಕಾಶಿನಾಥನ ಕಚೇರಿ. ಅಕ್ಕಿ ಆರಿಸುವ ಯಂತ್ರಗಳಿಗೆ ಬುದ್ಧಿ ತುಂಬುವ ಕೆಲಸ ಅಲ್ಲಿ ನಡೆಯುತ್ತಿತ್ತು. ಮೊರ ಹಿಡಿದ ಹೆಣ್ಣುಮಗಳು ಒಂದು ಕರಿ ಕಾಳು ಎತ್ತುವಷ್ಟರಲ್ಲಿ ಆ ಯಂತ್ರ ಸಾವಿರ ಕಾಳು ನೋಡಿ, ಕೆಟ್ಟದ್ದನ್ನು ಗಾಳಿಯಿಂದ ಫೂ ಎಂದು ಊದಿ ಆಚೆ ಹಾಕುತ್ತಿತ್ತು. ಮಾಲೀಕ ಗುರುಬಸವಣ್ಣನಿಗೆ ಅಕ್ಕಿ ಗೊತ್ತು, ಕಂಪ್ಯೂಟರ್ ಗೊತ್ತಿಲ್ಲ. ಅದಕ್ಕೇ ಒಂಬತ್ತು ವರ್ಷದಿಂದ ಕಾಶಿನಾಥನ ಮಾತೇ ಅವನಿಗೆ ಶಾಸ್ತ್ರ. ವೈರು ಜೋಡಿಸುವವನು ಯಂಕೇಶ. ಅವನ ಕೈಗಿಂತ ಬಾಯಿ ಚುರುಕು. ಕೊನೆಯವಳು ಅಂಜುಮ. ಕಾರಹುಣ್ಣಿಮೆಯ ಮುಂದೆ ಸೇರಿದವಳು, ದಿನಾ ಗಿಣಿಗೇರಾದಿಂದ ಬಸ್ಸಿಗೆ ಬರುವವಳು. ಅವಳ ಆರು ತಿಂಗಳ ಪರೀಕ್ಷೆಯ ಅವಧಿ ಅಂದು ಸಂಜೆ ಐದಕ್ಕೆ ಮುಗಿಯುವುದಿತ್ತು. ಕಾಯಂ ಆದರೆ ಗಂಗಾವತಿಯಲ್ಲೇ ಒಂದು ಕೋಣೆ ಹಿಡಿದು ತಾಯಿಯನ್ನು ಕರೆತರಬೇಕು, ಆಮೇಲೆ ಆ ಬೆಳಗಿನ ಐದೂವರೆಯ ಬಸ್ಸಿಗೆ ಕತ್ತಲಲ್ಲಿ ನಿಲ್ಲುವುದು ತಪ್ಪುತ್ತದೆ ಎಂದು ಅವಳು ಒಮ್ಮೆ ಹೇಳಿದ್ದಳು. ಕೋಣೆಯನ್ನೂ ನೋಡಿ ಇಟ್ಟಿದ್ದಳು.

ಆ ಕಚೇರಿಯಲ್ಲಿ ಒಂದು ಪದ್ಧತಿ ಇತ್ತು. ಕಿನ್ನಾಳದ ಒಂದು ಕಟ್ಟಿಗೆಯ ಗಿಣಿ, ಕೊಕ್ಕು ತುಸು ಮುರಿದದ್ದು. ಯಾರ ತಪ್ಪಿನಿಂದ ಮಿಲ್ಲಿನಲ್ಲಿ ಯಂತ್ರ ನಿಲ್ಲುತ್ತದೋ ಅವರ ಮೇಜಿನ ಮೇಲೆ ಅದು ಕೂರಬೇಕು. ಇನ್ನೊಬ್ಬರು ತಪ್ಪು ಮಾಡುವ ತನಕ ಅಲ್ಲಿಯೇ ಇರಬೇಕು. ಒಂಬತ್ತು ವರ್ಷದಲ್ಲಿ ಗಿಣಿ ಎಲ್ಲರ ಮೇಜೂ ಕಂಡಿತ್ತು, ಕಾಶಿನಾಥನದೊಂದನ್ನು ಬಿಟ್ಟು.

ಹತ್ತು ಗಂಟೆಗೆ ಫೋನು ಬಂತು. ಮಿಲ್ಲಿನ ವಿರುಪಣ್ಣ ಸಾವಕಾರ.

"ಕಾಶಿನಾಥಾ, ನಿನ್ನ ಮಶೀನು ನನ್ನ ಅಕ್ಕಿ ನೋಡಿ ಕಣ್ಮುಚ್ಚೇತಿ. ಮುಂಜಾನಿಂದ ಮೂರು ಸಲ ಆತು. ಹಮಾಲ್ರು ನಿಂತು ನೋಡಾಕತ್ಯಾರ, ತೀರಿಕೊಂಡವ್ರನ್ನ ನೋಡಿದಂಗ."

"ನಿಲ್ಲೂಮುಂದ ಪರದೆ ಮ್ಯಾಲ ಏನರ ಬರದೈತೇನ್ರೀ?"

"ಬರದೈತಿ. ಓದಾಕ ನನಗ ಬರೂದಿಲ್ಲ. ಫೋಟೋ ಕಳಿಸೀನಿ."

ಫೋಟೋ ಬಂತು. ಮೆಮೊರಿ ಫಾಲ್ಟ್, ಅಂದರೆ ಯಂತ್ರದ ನೆನಪಿನಲ್ಲಿ ತಪ್ಪು ಎಂದಿತ್ತು, ಅದರ ಕೆಳಗೆ ಒಂದು ವಿಳಾಸ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಯಂತ್ರದ ನೆನಪು ಅಂದರೆ ಮಠದ ಯಾತ್ರಿಕರ ಛತ್ರ ಇದ್ದ ಹಾಗೆ. ಸಾಲಾಗಿ ಕೋಣೆ, ಒಂದೊಂದಕ್ಕೂ ನಂಬರು; ಅದೇ ವಿಳಾಸ. ಬಂದವರಿಗೆ, ಅಂದರೆ ಪ್ರೋಗ್ರಾಮಿನ ಒಂದೊಂದು ಭಾಗಕ್ಕೆ, ಛತ್ರದವನು ಕೋಣೆ ಕೊಟ್ಟು ಒಂದು ಚೀಟಿ ಬರೆದುಕೊಡುತ್ತಾನೆ. ಚೀಟಿಯಲ್ಲಿ ಕೋಣೆಯ ನಂಬರು, ಅದರ ತಲೆಯ ಮೇಲೆ ಎರಡು ಅಂಕಿಯ ಒಂದು ಗುರುತು. ಅದೇ ಗುರುತನ್ನು ಕೋಣೆಯ ಬಾಗಿಲಿಗೂ ಬರೆಯುತ್ತಾನೆ. ಅವರು ಬಿಟ್ಟುಹೋದ ಮೇಲೆ ಕೋಣೆ ಇನ್ನೊಬ್ಬರಿಗೆ ಹೋಗುತ್ತದೆ. ನಂಬರು ಅದೇ, ಗುರುತು ಬೇರೆ. ಹಳಬ ಯಾರಾದರೂ ಮರೆತು ಹಳೆಯ ಚೀಟಿ ಹಿಡಿದು ಅದೇ ಕೋಣೆಗೆ ನುಗ್ಗಿದರೆ, ನಂಬರು ಹೊಂದಿದರೂ ಗುರುತು ಹೊಂದುವುದಿಲ್ಲ. ಕಾವಲುಗಾರ ಹಿಡಿಯುತ್ತಾನೆ, ಗಂಟೆ ಬಾರಿಸುತ್ತಾನೆ, ಛತ್ರವೇ ನಿಲ್ಲುತ್ತದೆ. ಆಮೇಲೆ ವರದಿ ಬರೆಯುತ್ತಾನೆ: ಇಂಥ ಕೋಣೆಗೆ, ಇಂಥ ಗುರುತಿನ ಚೀಟಿ ಹಿಡಿದು ಯಾರೋ ಬಂದಿದ್ದರು.

ಶ್ರಾವಣದಲ್ಲಿ ಅಂಥದೊಂದು ವರದಿ ಗುರುಬಸವಣ್ಣನ ಕಣ್ಣಿಗೆ ಬಿದ್ದಿತ್ತು. "ಈ ಎರಡು ಅಂಕಿ ಏನಪ, ವಿಳಾಸದ ತಲಿ ಮ್ಯಾಲ ಕುಂತಾವಲ್ಲ, ಹೇನಿನಂಗ?"

"ಕಸ ರೀ ಅಣ್ಣಾರ," ಎಂದಿದ್ದ ಕಾಶಿನಾಥ. "ಕೋಣಿ ಹುಡುಕಾಕ ಅವು ಬೇಕಾಗೂದಿಲ್ಲ. ಮಶೀನು ಸೈತ ದಾರಿ ಹುಡುಕೂಮುಂದ ಅವನ್ನ ಬಿಟ್ಟ ಓದತೈತಿ. ನೀವು ನೋಡಬ್ಯಾಡ್ರಿ."

ಅಂದೇ ಒಂದು ಸಾಲು ಬರೆದು, ವರದಿ ಹೊರಬೀಳುವ ಮೊದಲು ಆ ಎರಡು ಅಂಕಿ ಉದುರುವಂತೆ ಮಾಡಿದ್ದ. ವಿಳಾಸ ಪರದೆಯ ಒಂದೇ ಸಾಲಿನಲ್ಲಿ ಚೊಕ್ಕಾಗಿ ಕೂತಿತು. ಆಗ ಹೊಸಬಳಾಗಿದ್ದ ಅಂಜುಮ ಮೆಲ್ಲಗೆ ಹೇಳಿದ್ದಳು: "ಸರ್, ಕೋಣಿ ಹುಡುಕಾಕ ಅವು ಬ್ಯಾಡ, ಖರೆ. ಆದ್ರ ಬಂದಿದ್ದವ್ರು ಯಾರು ಅಂತ ಹೇಳಾಕ ಬೇಕಲ್ರೀ." ಕಾಶಿನಾಥ ನಗುತ್ತಲೇ, "ಮೊದಲ ಕಲಿ ತಂಗಿ, ಆಮ್ಯಾಲ ನಮಗ ಕಲಿಸೂವಂತಿ," ಎಂದಿದ್ದ. ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಈಗ ಕಾಶಿನಾಥ ವಿಳಾಸ ಹಿಡಿದು, ಯಾವ ಕೋಣೆ ಯಾರಿಗೆ ಎಂಬ ಪಟ್ಟಿ ತೆಗೆದ. ಆ ಕೋಣೆ ಅಂಜುಮ ಬರೆದ ಭಾಗದ್ದು. ನುಚ್ಚು ಎಣಿಸುವ ಭಾಗ.

"ಅಂಜುಮಂದು," ಎಂದ. ಎಷ್ಟು ಸಣ್ಣ ಮಾತು. ಬಾಯಿಂದ ಹೊರಬೀಳುವಾಗ ಅದಕ್ಕೆ ತೂಕವೇ ಇರಲಿಲ್ಲ.

ಗುರುಬಸವಣ್ಣ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಇವತ್ತ ಆಗಬೇಕಾ ಇದು? ಸಂಜಿ ಐದಕ್ಕ ಆಕಿ ಕಾಗದಕ್ಕ ಸಹಿ ಮಾಡಾಂವ ಇದ್ದೆ."

ಯಂಕೇಶ ಅಷ್ಟರಲ್ಲಿ ಗಿಣಿ ಎತ್ತಿದ್ದ. ಅದು ಅವನದೇ ಮೇಜಿನ ಮೇಲೆ ನಾಲ್ಕು ತಿಂಗಳಿಂದ ಕೂತಿತ್ತು; ಮಗಳನ್ನು ಗಂಡನ ಮನೆಗೆ ಕಳಿಸುವ ತಂದೆಯ ಮುಖ ಮಾಡಿಕೊಂಡು, ದೇವರ ಫೋಟೋದಿಂದ ಒಂದು ಸೇವಂತಿಗೆ ಕಿತ್ತು ಅದರ ತಲೆಗೆ ಸಿಕ್ಕಿಸಿ, ಅಂಜುಮಳ ಮೇಜಿಗೆ ತಂದ. "ತಗೋ ಅಂಜುಮ. ಭಾಳ ಸಾಧು ಪಕ್ಷಿ. ಏನೂ ತಿನ್ನೂದಿಲ್ಲ, ಬರೇ ನೋಡತೈತಿ."

ಅಂಜುಮ ಗಿಣಿಯನ್ನು ನೋಡಿದಳು, ವರದಿಯನ್ನು ನೋಡಿದಳು. "ಸರ್, ಕೋಣಿ ನಂದು, ಒಪ್ಪತೀನಿ. ಆದ್ರ ಬಾಗಲಾ ಒದ್ದವ್ರು ನಾವ ಅಂತ ಇದ್ರಾಗ ಎಲ್ಲಿ ಬರದೈತಿ?"

"ನಿನ್ನ ಮನಿಯಾಗ ಗದ್ಲಾದ್ರ ಯಾರನ್ನ ಕೇಳಬೇಕವಾ, ಎದುರು ಮನಿಯವ್ರನ್ನ?" ಎಂದ ಯಂಕೇಶ.

ಅವಳು ವಾದ ಬೆಳೆಸಲಿಲ್ಲ. ಚೀಲ ಹೆಗಲಿಗೇರಿಸಿದಳು. "ನಾ ಮಿಲ್ಲಿಗೆ ಹೊಕ್ಕೀನಿ ಸರ್. ನಿಂತಾಗೊಮ್ಮೆ ಮತ್ತ ಚಾಲೂ ಮಾಡಾಕಾದ್ರೂ ಯಾರಾದ್ರೂ ಬೇಕಲ್ಲ." ಮೆಟ್ಟಿಲಿಳಿದು ಮಂಜಿನೊಳಗೆ ಹೋದಳು. ಕಾಶಿನಾಥನಿಗೆ ಆಗ ಎದೆಯಲ್ಲಿ ಏನೋ ಒಂದು ಸಣ್ಣಗೆ ಚುಚ್ಚಿತು. ಹಸಿವೆ ಇರಬೇಕು ಎಂದುಕೊಂಡ. ಮನುಷ್ಯನಿಗೆ ದೇವರು ಕೊಟ್ಟ ಎಚ್ಚರಿಕೆಗಳಲ್ಲಿ ಅರ್ಧ ಹೀಗೆ ಹಸಿವೆಯ ಹೆಸರಿನಲ್ಲೇ ಕಳೆದುಹೋಗುತ್ತವೆ.

ಒಂದು ಗಂಟೆಗೆ ಡಬ್ಬಿ ಬಂತು. ಎತ್ತಿದರೆ ಎಂದಿಗಿಂತ ಭಾರ. ಮುಚ್ಚಳ ತೆಗೆದ ಕಾಶಿನಾಥ ಕ್ಷಣ ಹೊತ್ತು ಕೈಮುಗಿಯುವವನ ಹಾಗೆ ಕೂತ. ಒಳಗೆ ನಾಲ್ಕು ಶೇಂಗಾ ಹೋಳಿಗೆ. ಪಕ್ಕದ ಬಟ್ಟಲಲ್ಲಿ ತುಪ್ಪ, ಹೆಪ್ಪುಗಟ್ಟಿ ಹೊಸ ಬೆಣ್ಣೆಯ ಬಣ್ಣಕ್ಕೆ ತಿರುಗಿದ್ದು.

ಮುಂಜಾನೆ ಬೊಟ್ಟಿನ ಸಲುವಾಗಿ ಬಿರುಸು ಮಾತಾಡಿದ್ದಕ್ಕೆ ಸುಕನ್ಯಾ ಮರುಗಿದ್ದಾಳೆ ಎಂದುಕೊಂಡ. ಮೊದಲ ಹೋಳಿಗೆ ಕೃತಜ್ಞತೆಯಿಂದ ತಿಂದ. ಎರಡನೆಯದನ್ನು ಡಾಕ್ಟರನ್ನು ನೆನೆದು ತಿಂದ, ಮೂರನೆಯದನ್ನು ಮರೆತು. ನಾಲ್ಕನೆಯದನ್ನು ಉಳಿಸಿದರೆ ಅನ್ನಕ್ಕೆ ಅಪಮಾನ. ಬೆರಳು ಒರೆಸಿಕೊಂಡು ಮನೆಗೆ ಫೋನು ಹಚ್ಚಿದ.

"ಸುಕನ್ಯಾ, ಏನ ಹೇಳಲಿ. ಒಂದ ತಿಂಗಳಾಗಿತ್ತು ಬಾಯಿ ಸತ್ತು. ತುಪ್ಪಾ ಸೈತ ಕಳಿಸೀದಿ."

"ಯಾವ ತುಪ್ಪರೀ?"

"ಹೋಳಿಗಿ ಸಂಗಾಟ ಇಟ್ಟಿದ್ದಿ ನೋಡು."

"ನಾ ಕಟ್ಟಿದ್ದು ಹಾಗಲಕಾಯಿ."

"ಹಾಗಲಕಾಯಿ ಎಲ್ಲೈತಿ?"

"ಅದನ್ನ ನಾ ಕೇಳಬೇಕು. ಯಾರ ಮನಿ ಹೋಳಿಗಿ ತಿಂದ್ರಿ? ಎಷ್ಟ ತಿಂದ್ರಿ?"

ಎಷ್ಟು ಎಂಬುದನ್ನು ಕಾಶಿನಾಥ ಹೇಳುವ ಮೊದಲೇ ಮೆಟ್ಟಿಲ ಮೇಲೆ ಉಮರಸಾಬ ಕಾಣಿಸಿದ. ಅರವತ್ತು ದಾಟಿದ ಮನುಷ್ಯ, ಮೊಪೆಡ್ಡಿನ ಮೇಲೆ ಅರವತ್ತು ಮನೆಗಳ ಬುತ್ತಿ ಹೊರುವವನು. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತು ತಲೆಯ ಟೋಪಿ ಸರಿ ಮಾಡಿಕೊಂಡ.

"ಕಾಶಿನಾಥಪ್ಪಾ, ನಿಮ್ಮ ಹನ್ನೆರಡರ ಡಬ್ಬಿ ತುಸು ನೋಡಬಹುದೇನ್ರೀ?"

"ಏನಾತು ಉಮರಣ್ಣ?"

"ವಿರುಪಣ್ಣ ಸಾವಕಾರ್ರು ಡಬ್ಬಿ ತೆರದ್ರಂತ, ಹಾಗಲಕಾಯಿ ಇತ್ತಂತ. ಮನಿಯವ್ವಾರಿಗೆ ಫೋನ್ ಮಾಡಿ, 'ನಾ ಏನ ಪಾಪ ಮಾಡೀನಿ' ಅಂದ್ರಂತ. ಅವ್ವಾರು ನನ್ನ ಕರದು, ನಾಳಿಂದ ಬರಬ್ಯಾಡಪಾ ಅಂದ್ರು. ಹನ್ನೆರಡು ನಂಬರ್ ತಪ್ಪಿಸೀದಿ ಅಂದ್ರು." ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ. "ನಾ ಮೂವತ್ತು ಖಾನೆದ ಪೆಟ್ಟಿಗಿ ಎರಡು ಖೇಪು ಒಯ್ಯತೀನಿ. ಮೊದಲನೇ ಖೇಪು ಮಿಲ್ಲಿಗೆ, ಎರಡನೇದು ಅಂಗಡಿ, ಆಫೀಸಿಗೆ. ಎರಡರಾಗೂ ಹನ್ನೆರಡನೇ ಖಾನೆ ಐತಿ. ಅದಕ್ಕ ಎರಡನೇ ಖೇಪಿಗೆ ಕೆಂಪ ಬೊಟ್ಟ ಇಡಸೀನಿ. ಇವತ್ತ ಬೊಟ್ಟಿಲ್ಲದ ಹನ್ನೆರಡು ಎರಡ ಸಿಕ್ಕುವು. ಮುಂಜಾನಿ ಮಂಜಿನಾಗ ಮನಿ ಮುಂದ ಕಾಣಲಿಲ್ಲ. ಕೈಗೆ ಬಂದದ್ದನ್ನ ಮಿಲ್ಲಿಗೆ ಕೊಟ್ಟೆ."

ಕಾಶಿನಾಥನ ಮುಂದೆ ಖಾಲಿ ಡಬ್ಬಿ ಬಾಯಿ ತೆರೆದು ಕೂತಿತ್ತು.

"ಇಪ್ಪತ್ತೆರಡು ವರ್ಷದಾಗ ಒಮ್ಮಿನೂ ತಪ್ಪಿಲ್ರೀ," ಎಂದ ಉಮರಸಾಬ, ಯಾರ ಮೇಲೂ ಸಿಟ್ಟಿಲ್ಲದೆ. "ಈಗೂ ನಂಬರ್ ತಪ್ಪಿಲ್ಲ. ನಂಬರ್ ಹನ್ನೆರಡ ಐತಿ. ಯಾರದು ಅನ್ನೂದು ಎಲ್ಲಿ ಹೋತು ಅಂತ ನನಗ ತಿಳೀವಲ್ದು."

ಕೆಲವು ಮಾತು ಕಿವಿಯಿಂದ ಒಳಗೆ ಹೋಗಿ ನೇರ ಹೊಟ್ಟೆಗೆ ಇಳಿಯುತ್ತವೆ. ನಾಲ್ಕು ಹೋಳಿಗೆಗಳ ಮೇಲೆ ಈ ಮಾತು ಕಲ್ಲಿನ ಹಾಗೆ ಬಂದು ಕೂತಿತು.

"ಉಮರಣ್ಣ, ತಪ್ಪು ನಿಂದಲ್ಲ. ಬೊಟ್ಟ ಅಳಿಸಿದಾವ ನಾನು. ಸಾವಕಾರ್ರಿಗೆ ನಾನ ಹೇಳತೀನಿ. ನೀ ನಾಳೆ ಎಂದಿನಂಗ ಹೋಗು."

ಉಮರಸಾಬ ಹೊಳೆಯುವ ಮುಚ್ಚಳ ನೆನೆದುಕೊಂಡವನ ಹಾಗೆ ತಲೆಯಾಡಿಸಿದ. "ಯಾಕ ಅಳಸಿದ್ರೀ?"

"ಚೊಕ್ಕ ಕಾಣಲಿ ಅಂತ."

"ಹೌದ್ರೀ," ಎಂದ ಉಮರಸಾಬ. ಆ ಎರಡಕ್ಷರದಲ್ಲಿ ಬೈಗುಳ ಇರಲಿಲ್ಲ. ಇದ್ದಿದ್ದರೆ ಕಾಶಿನಾಥನಿಗೆ ಹಗುರಾಗುತ್ತಿತ್ತು.

ಅವನು ಹೋದ ಮೇಲೆ ಕಾಶಿನಾಥ ಕಂಪ್ಯೂಟರಿನ ಮುಂದೆ ಕೂತು, ಶ್ರಾವಣದಲ್ಲಿ ಬರೆದ ಆ ಒಂದು ಸಾಲನ್ನು ಹುಡುಕಿ ತೆಗೆದ. ಮಿಲ್ಲಿನ ಯಂತ್ರಕ್ಕೆ ಕಳಿಸಿದ. ಇನ್ನು ವರದಿ ಬಂದರೆ ತಲೆಯ ಮೇಲಿನ ಎರಡು ಅಂಕಿಯ ಸಮೇತ ಬರುತ್ತದೆ. ಆಮೇಲೆ ಕೈಕಟ್ಟಿ ಕಾದ. ಯಂತ್ರ ಮತ್ತೊಮ್ಮೆ ಕೆಡಲಿ ಎಂದು ಅವನು ದೇವರನ್ನು ಬೇಡಿದ್ದು ಅದೇ ಮೊದಲು.

ಶಿವ ದಯಾಳು. ಮೂರೂಕಾಲಿಗೆ ಅಂಜುಮಳ ಫೋನು ಬಂತು. ಹಿಂದೆ ಮಿಲ್ಲಿನ ಗದ್ದಲ, ಅದರ ಹಿಂದೆ ವಿರುಪಣ್ಣ ಸಾವಕಾರನ ಗದ್ದಲ.

"ಸರ್, ಮತ್ತ ನಿಂತೈತಿ. ಕೋಣಿ ಅದ. ಆದ್ರ ಈ ಸಲ ಮುಂದ ಎರಡ ಅಂಕಿ ಅದಾವ."

"ಓದು."

"ಸೊನ್ನಿ ಒಂಬತ್ತು."

ಅಂಜುಮಳ ಭಾಗಕ್ಕೆ ಛತ್ರದವನು ಕೊಟ್ಟ ಗುರುತು ಸೊನ್ನೆ ಮೂರು. ಕಾಶಿನಾಥ ಹಳೆಯ ಪಟ್ಟಿ ತೆಗೆದು ಬೆರಳಿಟ್ಟು ಕೆಳಗಿಳಿದ. ಅದೇ ಕೋಣೆಯನ್ನು ಅವಳಿಗಿಂತ ಮೊದಲು ಸೊನ್ನೆ ಒಂಬತ್ತರ ಗುರುತಿನಲ್ಲಿ ಪಡೆದು ಬಿಟ್ಟುಕೊಟ್ಟಿದ್ದ ಭಾಗ ಯಾವುದು ಎಂದು ಕಂಡಾಗ ಬೆರಳು ನಿಂತಿತು. ಯಂತ್ರ ಕಾಳು ನೋಡುವ ಗಾಜು ಮಬ್ಬಾದರೆ ಒಳಗಿನ ದೀಪ ಏರಿಸುವ ಭಾಗ. ನಾಲ್ಕು ವರ್ಷದ ಹಿಂದೆ ಕಾಶಿನಾಥನೇ ಬರೆದದ್ದು. ಕೋಣೆ ಬಿಟ್ಟುಕೊಟ್ಟರೂ ಹಳೆಯ ಚೀಟಿ ಜೇಬಿನಲ್ಲೇ ಇಟ್ಟುಕೊಂಡ ಯಾತ್ರಿಕ ಅವನೇ. ಇಷ್ಟು ವರ್ಷ ಗಾಜು ಅಷ್ಟು ಮಬ್ಬಾಗಿರಲಿಲ್ಲ. ಅಂದು ಮಂಜಿಗೂ ಹಸಿ ಭತ್ತದ ಆವಿಗೂ ಮಬ್ಬಾಗಿ, ಅವನ ಭಾಗ ಮತ್ತೆ ಮತ್ತೆ ಎದ್ದು ಹೋಗಿ ಬೇರೆಯವರ ಬಾಗಿಲು ಒದೆಯುತ್ತಿತ್ತು.

ಫೋನಿನಲ್ಲಿ ಅಂಜುಮ ಇನ್ನೂ ಇದ್ದಳು. ಸೊನ್ನೆ ಒಂಬತ್ತು ಯಾರದೆಂದು ಹುಡುಕಲು ಅವಳಿಗೆ ಅವನಷ್ಟು ಹೊತ್ತು ಬೇಕಾಗಿರಲಿಲ್ಲ.

"ಬರಕೊಂಡ್ರೇನ್ರೀ ಸರ್?" ಎಂದಳು.

"ಬರಕೊಂಡೆ ತಂಗಿ."

"ಆತ್ರೀ," ಎಂದು ಫೋನಿಟ್ಟಳು.

ತಪ್ಪು ತಿದ್ದಲು ಎರಡು ಸಾಲು ಸಾಕಾದವು. ನಾಲ್ಕು ಗಂಟೆಯಿಂದ ಯಂತ್ರ ನಿಲ್ಲದೆ ನಡೆಯಿತು. ನಡೆಯದೆ ನಿಂತದ್ದು ಕಾಶಿನಾಥನ ಮನಸ್ಸು.

ಐದಕ್ಕೆ ಗುರುಬಸವಣ್ಣನ ಕೋಣೆಯಲ್ಲಿ ವಿರುಪಣ್ಣ ಸಾವಕಾರನೂ ಬಂದು ಕೂತಿದ್ದ. ಯಂತ್ರದ ದೂರು ಒಂದು, ಊಟದ ದುಃಖ ಒಂದು, ಎರಡನ್ನೂ ಹೊತ್ತು ತಂದಿದ್ದ. ಯಂಕೇಶ ಬಾಗಿಲಿಗೆ ಒರಗಿ ನಿಂತಿದ್ದ. ಮೇಜಿನ ಮೇಲೆ ಸಹಿಯಾಗದ ಅಂಜುಮಳ ಕಾಗದ.

ಕಾಶಿನಾಥ ಕೂರಲಿಲ್ಲ. "ಅಣ್ಣಾರ, ಮುಂಜಾನಿ ನಾ ಹೇಳಿದ್ದು ತಪ್ಪು. ಮಶೀನು ನಿಂತದ್ದು ಅಂಜುಮನಿಂದಲ್ಲ. ನನ್ನಿಂದ. ಗಿಣಿ ನನ್ನ ಮ್ಯಾಜಿಗೆ ಬರಬೇಕು."

ಗುರುಬಸವಣ್ಣ ಅವನನ್ನು ದಿಟ್ಟಿಸಿ ನೋಡಿದ, ನೋಡುತ್ತ ನೋಡುತ್ತ ಅವನ ಕಣ್ಣು ಒದ್ದೆಯಾಯಿತು. "ಯಂಕೇಶಾ, ನೋಡಿ ಕಲಿ. ಇದಕ್ಕ ಹಿರೇತನ ಅಂತಾರ."

"ಹಿರೇತನ ಅಲ್ಲರೀ, ಖರೆ ಹೇಳಾಕತ್ತೀನಿ."

"ಒಂದು ಹುಡುಗಿ ಕೆಲಸ ಹೊಕ್ಕೈತಂತ ತನ್ನ ಹೆಸರ ಕೆಡಿಸಿಕೊಳ್ಳಾಕ ನಿಂತಾನ," ಎಂದ ಯಂಕೇಶ ಸಾವಕಾರನ ಕಡೆ ತಿರುಗಿ. "ಒಂಬತ್ತು ವರ್ಷದಾಗ ಆ ಗಿಣಿ ಒಮ್ಮೆರ ಇವರ ಮ್ಯಾಜ ಮುಟ್ಟಿಲ್ಲರೀ."

ಕಾಶಿನಾಥ ವರದಿಯ ಕಾಗದ ಚಾಚಿದ. "ಇಲ್ಲಿ ನೋಡ್ರಿ. ವಿಳಾಸದ ತಲಿ ಮ್ಯಾಲ ಸೊನ್ನಿ ಒಂಬತ್ತು. ಅದು ನನ್ನ ಗುರುತು. ಆಕೀದು ಸೊನ್ನಿ ಮೂರು."

ಗುರುಬಸವಣ್ಣ ಕನ್ನಡಕ ಏರಿಸಿ ಓದಿದ. ಆಮೇಲೆ ಹೆಬ್ಬೆರಳನ್ನು ಆ ಎರಡು ಅಂಕಿಯ ಮೇಲಿಟ್ಟು ಮುಚ್ಚಿದ. "ಇದು ಕಸ ಅಂತ ಶ್ರಾವಣದಾಗ ನೀನ ಹೇಳಿಲ್ಲೇನು? ನೋಡಬ್ಯಾಡ್ರಿ ಅಂದಿದ್ದಿ. ಅವತ್ತಿಂದ ನಾ ನೋಡೇ ಇಲ್ಲ."

"ಹೇಳಿದ್ದೆ ರೀ. ಅದ ನನ್ನ ದೊಡ್ಡ ತಪ್ಪು."

"ಅವತ್ತು ಯಾರನ್ನೂ ಉಳಿಸೂದಿರಲಿಲ್ಲ, ಅದಕ್ಕ ಖರೆ ಹೇಳಿದಿ. ಇವತ್ತು ಒಬ್ಬಾಕೀನ ಉಳಿಸೂದೈತಿ, ಅದಕ್ಕ ಕಸ ಎತ್ತಿ ತಲಿ ಮ್ಯಾಲ ಇಟಗೊಂಡಿ. ನಾ ಅಕ್ಕಿ ಮಾರಿದಾವಪಾ, ಮನುಷ್ಯಾರ್ನ ಓದಾಕ ಬರತೈತಿ ನನಗ."

ತಿಳಿಯುವ ಹಾಗೆ ಹೇಳಬೇಕೆಂದು ಕಾಶಿನಾಥ ಡಬ್ಬಿಯ ಕತೆಗೆ ಕೈಹಾಕಿದ. "ಇವತ್ತಿನ ಬುತ್ತೀನ ನೋಡ್ರಿ ಅಣ್ಣಾರ. ಡಬ್ಬಿ ಮ್ಯಾಲಿನ ಬೊಟ್ಟ ನಾ ಅಳಿಸಿದೆ. ನಂಬರ್ ಅಷ್ಟ ಉಳೀತು. ಅದಕ್ಕ ಸಾವಕಾರ್ರ ಹೋಳಿಗಿ ನನಗ ಬಂತು, ಬೈಗಳ ಪಾಪ ಉಮರಸಾಬಗ ಹೋತು. ಇಲ್ಲೂ ಹಂಗ ಆಗೇತಿ."

ವಿರುಪಣ್ಣ ಸಾವಕಾರ ಕುರ್ಚಿಯಿಂದ ನಿಧಾನವಾಗಿ ಎದ್ದ. "ಅಂದ್ರ ಆ ಹೋಳಿಗಿ ನೀ ತಿಂದಿ."

"ತಿಂದೇನ್ರೀ."

"ನಾಕೂ?"

"ನಾಕೂ ರೀ."

"ತುಪ್ಪಾ?"

"ತುಪ್ಪಾನೂ."

ಇದನ್ನು ಎಲ್ಲರೂ ಕೂಡಲೇ ನಂಬಿದರು. ಯಾವ ಕಾಗದವೂ ಬೇಕಾಗಲಿಲ್ಲ, ಯಾವ ಅಂಕಿಯೂ ಬೇಕಾಗಲಿಲ್ಲ. ಯಂಕೇಶನಂತೂ, "ಬೆರಳ ನೆಕ್ಕೂದು ನಾ ನೋಡೇನ್ರೀ," ಎಂದು ಕೇಳದೆಯೇ ಸಾಕ್ಷಿ ನುಡಿದ. ಸಾವಕಾರ ಮನೆಯಲ್ಲಿ ಯಾರೋ ಹೋದವರ ಹಾಗೆ ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ಅವನ ಮುಖದ ಮೇಲೆ ಬೇರೊಂದು ಭಾವ ಮೂಡಿತು.

"ಹಂಗಾರ ಆ ಹಾಗಲಕಾಯಿ ನಿಂದು. ದಿನಾ ಅದನ್ನ ತಿಂತಿ?"

"ಒಂದ ತಿಂಗಳಾತ್ರೀ."

"ಅಯ್ಯ ಪಾಪ," ಎಂದು ಸಾವಕಾರ ಮತ್ತೆ ಕೂತ. "ಹೋಳಿಗಿ ಹೋದ್ರ ಹೋಗ್ಲಿ ಬಿಡು. ಉಮರಸಾಬಗ ನಾ ಹೇಳತೀನಿ, ಬರಲಿ ಅವ. ಇಂಥಾ ಪಲ್ಯಾ ತಿಂದು ಇನ್ನೊಬ್ಬರ ತಪ್ಪ ಮೈಮ್ಯಾಲ ಹಾಕ್ಕೊಳ್ಳಾಂವ ಅಂದ್ರ, ಗುರುಬಸವಾ, ಇಂವ ಸಣ್ಣ ಮನುಷ್ಯಾ ಅಲ್ಲ."

ಕಾಶಿನಾಥ ಹಿಂದೆ ತಪ್ಪು ಹೇಳಿ ನಂಬಿಸಿದ್ದ. ಈಗ ಖರೆ ಹೇಳಿ ನಂಬಿಸಲಾರ. ತಾನೇ ತಿಕ್ಕಿ ತಿಕ್ಕಿ ಹೊಳೆಯಿಸಿಟ್ಟ ಹೆಸರು ಈಗ ಯಾವ ಕಲೆಯನ್ನೂ ಹಿಡಿಯಲೊಲ್ಲದು.

ಗುರುಬಸವಣ್ಣ ಪೆನ್ನು ತೆಗೆದ. "ಆಕೀನ ತೆಗಿಯೂದಿಲ್ಲ. ಕಾಯಂ ಸೈತ ಮಾಡೂದಿಲ್ಲ. ಇನ್ನ ಆರು ತಿಂಗಳು ಕಾಶಿನಾಥನ ಕೈಕೆಳಗ ಇರಲಿ, ತಿದ್ದಿಕೊಳ್ಳಲಿ. ಯಂಕೇಶಾ, ತಪ್ಪು ಆಕೀದು, ಕಾಶಿನಾಥನ ಮಾರಿ ನೋಡಿ ಇಟಗೊಂಡೀವಿ ಅಂತ ಬರದಿಡು."

"ಅಣ್ಣಾರ, ಅದನ್ನೊಂದು ಬರೀಬ್ಯಾಡ್ರಿ."

"ನೋಡ್ರಿ ಸಾವಕಾರ್ರ, ಉಪಕಾರ ಮಾಡಿದ್ದು ಬರಿಯಾಕೂ ಬಿಡವಲ್ಲ."

ಹೊರಗೆ ಬಂದ ಕಾಶಿನಾಥ ಅಂಜುಮಳ ಮೇಜಿನಿಂದ ಗಿಣಿ ಎತ್ತಿ ತನ್ನ ಮೇಜಿಗೆ ತಂದಿಟ್ಟ. ಹಿಂದೆಯೇ ಬಂದ ಯಂಕೇಶ ಅದನ್ನೆತ್ತಿ ಮತ್ತೆ ಅಲ್ಲಿಯೇ ಇಟ್ಟು, ಜಾರಿದ್ದ ಸೇವಂತಿಗೆ ಸರಿಮಾಡಿದ. "ಬ್ಯಾಡ ಸರ್. ಮಂದಿ ನಿಮ್ಮನ್ನ ತಪ್ಪ ತಿಳಕೊಂಡಾರು."

ಅಂಜುಮ ಬಂದಾಗ ಐದೂ ಮುಕ್ಕಾಲು. ಮಂಜು ಎಂದೋ ಕರಗಿ, ಕಿಟಕಿಯಲ್ಲಿ ಸಂಜೆಯ ಬಿಸಿಲು ಒಣ ಹುಲ್ಲಿನ ಬಣ್ಣಕ್ಕಿತ್ತು. ಅವಳ ದುಪಟ್ಟಾ ತುಂಬ ತೌಡಿನ ಧೂಳು, ಹುಬ್ಬಿನ ಮೇಲೂ ಧೂಳು. ಯಂಕೇಶ ಅವಳನ್ನು ಕೂರಲೂ ಬಿಡದೆ ಸುದ್ದಿ ಹೇಳಿದ: ಕೆಲಸ ಉಳಿಯಿತು, ಇನ್ನಾರು ತಿಂಗಳು ಪರೀಕ್ಷೆ, ಎಲ್ಲ ಕಾಶಿನಾಥ ಸರ್ ಮಾಡಿದ ಉಪಕಾರ, ನಿನ್ನ ತಪ್ಪು ತಮ್ಮ ಮೇಲೆ ಹಾಕಿಕೊಳ್ಳಲು ನಿಂತಿದ್ದರು, ಕಾಲಿಗೆ ಬಿದ್ದರೂ ಕಡಿಮೆಯೇ.

ಅವಳು ಎಲ್ಲ ಕೇಳಿದಳು. "ಹೌದಾ," ಎಂದಳು.

ಯಂಕೇಶ ಮೊಪೆಡ್ಡು ತೆಗೆಯಲು ಕೆಳಗಿಳಿದ. ಕೋಣೆಯಲ್ಲಿ ಇಬ್ಬರೇ ಉಳಿದರು. ಅಂಜುಮ ಚೀಲದಿಂದ ಒಂದು ಡಬ್ಬಿ ತೆಗೆದು ಕಾಶಿನಾಥನ ಮುಂದಿಟ್ಟಳು. ಬೊಟ್ಟಿಲ್ಲದ್ದು, ಹೊಳೆಯುವಂಥದ್ದು. ಒಳಗೆ ಹಾಗಲಕಾಯಿ ಹಾಗೇ ಇತ್ತು.

"ಸಾವಕಾರ್ರು ಮಿಲ್ಲಿಗೆ ತಿರಗಿ ಬಂದು ಕೊಟ್ರು, ಎಲ್ಲಾನೂ ಹೇಳಿದ್ರು. ಇದು ನಿಮ್ದಂತ ಸರ್."

"ಅಂಜುಮ, ನಾ ಹೇಳಿದೆ ಅವರಿಗೆ. ಕಾಗದ ಸೈತ ತೋರಿಸಿದೆ. ಅವರು ನಂಬವಲ್ರು."

"ಗೊತ್ತು ಸರ್. ನೀವು ಹೇಳೀರಿ."

"ನೀ ಬಾಡಿಗಿ ಕೋಣಿ ನೋಡಿಟ್ಟಿದ್ದಿಯಲ್ಲ ತಂಗಿ, ಅದು..."

"ಕೋಣಿ ಮಾಲಕರಿಗೆ ಬ್ಯಾಡ ಅಂತ ಹೇಳಿಬಂದೆ, ದಾರಿಯಾಗ." ಅವಳ ದನಿಯಲ್ಲಿ ಏರಿಳಿತ ಇರಲಿಲ್ಲ. "ಮುಂಜಾನಿ ಐದೂವರೆ ಬಸ್ಸು ರೂಢಿ ಆಗೇತಿ."

ಅವಳು ತನ್ನ ಮೇಜಿಗೆ ಹೋದಳು. ಗಿಣಿಯ ತಲೆಯಿಂದ ಬಾಡಿದ ಸೇವಂತಿಗೆ ತೆಗೆದು ದೇವರ ಫೋಟೋದ ಕೆಳಗಿಟ್ಟಳು. ದುಪಟ್ಟಾದ ಅಂಚಿನಿಂದ ಗಿಣಿಯ ಬೆನ್ನ ಮೇಲಿನ ಧೂಳು ಒರೆಸಿದಳು. ಆಮೇಲೆ ಎರಡೂ ಕೈಯಲ್ಲಿ ಹಿಡಿದು ತಂದು, ಕಾಶಿನಾಥನ ಮೇಜಿನ ಮೇಲೆ, ಡಬ್ಬಿಯ ಪಕ್ಕದಲ್ಲಿ, ಮುರಿದ ಕೊಕ್ಕು ಅವನ ಕಡೆ ಇರುವಂತೆ, ಸದ್ದಾಗದ ಹಾಗೆ ಇಟ್ಟು, ಬಸ್ಸಿಗೆ ಹೊರಟಳು.